ಮೂವತ್ತೆರಡು ಬಿರುದು, ಒಂದು ಒಂಟೆ

ಭಗವಂತ ಒಬ್ಬೊಬ್ಬರಿಗೆ ಒಂದೊಂದು ಗೀಳು ಕೊಟ್ಟು, ಮೇಲೆ ಕೂತು ನೋಡಿ ನಗುತ್ತಿರುತ್ತಾನೆ. ಕಡಲ ದಂಡೆಯ ಹೊನ್ನಗುಡ್ಡದ ದೊರೆ ಸೋಯಿದೇವರಾಯನಿಗೆ ಮಾತ್ರ ಧಾರಾಳವಾಗಿ ಎರಡು ಕೊಟ್ಟಿದ್ದ. ಒಂದು ಚದುರಂಗ, ಇನ್ನೊಂದು ಬಿರುದು.

ಬಂದರಿಗೆ ಬಂದ ವರ್ತಕರನ್ನೆಲ್ಲ ದೊರೆ ಆಟಕ್ಕೆ ಕೂರಿಸುತ್ತಿದ್ದ. ಅವರವರ ದೇಶದಲ್ಲಿ ಯಾವ ಕಾಯಿಗೆ ಏನು ಹೆಸರೆಂದು ಕೇಳಿ ಕಲಿಯುತ್ತಿದ್ದ. "ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಒಂದು ಹೆಸರೂ ತಪ್ಪುವುದಿಲ್ಲ" ಎಂಬುದು ಅವನ ದಿನನಿತ್ಯದ ಜಂಬ. ಎಬ್ಬಿಸುವ ಧೈರ್ಯ ಮಾತ್ರ ಯಾರೂ ಮಾಡಿರಲಿಲ್ಲ.

ಇನ್ನು ಬಿರುದುಗಳು, ಮೂವತ್ತೆರಡು. ದೊರೆ ಸಭೆಗೆ ಕಾಲಿಟ್ಟಾಗಲೆಲ್ಲ ಪರಾಕು ಹೇಳುವ ಓಬಳಯ್ಯ ಅಷ್ಟನ್ನೂ ತಡೆಯಿಲ್ಲದೆ ಕೂಗಬೇಕು. ಪಾಪ, ನಲವತ್ತು ವರ್ಷ ಕೂಗಿದ. ಒಂದು ಶುಕ್ರವಾರ ಬೆಳಿಗ್ಗೆ ಹತ್ತೊಂಬತ್ತನೆಯ 'ಕೋಟೆಕೋಲಾಹಲ' ಮುಗಿಸುತ್ತಲೇ ಕೆಮ್ಮು ಬಂತು. ಕೆಮ್ಮಿ ಮುಗಿಸುವಷ್ಟರಲ್ಲಿ ದೊರೆ ಸಿಂಹಾಸನದ ಹತ್ತಿರ ಬಂದಾಗಿತ್ತು. ಮುದುಕ ಗಾಬರಿಯಲ್ಲಿ ನೇರ ಮೂವತ್ತೆರಡನೆಯದಕ್ಕೇ ಹಾರಿಬಿಟ್ಟ.

ದೊರೆ ಬೆರಳು ಮಡಿಸಿ ಲೆಕ್ಕ ಹಾಕಿದ. ನನ್ನ ಹನ್ನೆರಡು ಬಿರುದು ನುಂಗಿದವನು ಸೂರ್ಯ ಮುಳುಗುವುದರೊಳಗೆ ಊರು ಬಿಡಲಿ ಎಂದುಬಿಟ್ಟ. ಉಸಿರು ಸಿಕ್ಕಿಕೊಂಡಿತು ಮಹಾಪ್ರಭು ಎಂದು ಓಬಳಯ್ಯ ಅಂಗಲಾಚಿದ್ದು ಕಿವಿಗೆ ಬೀಳಲಿಲ್ಲ. ಮುದುಕ ಮನೆಗೆ ಹೋದ. ಅವನ ಹೆಂಡತಿ ದೇವರ ಪಟವನ್ನು ಸೀರೆಯಲ್ಲಿ ಸುತ್ತತೊಡಗಿದಳು.

ಸಭೆಯಲ್ಲಿ ವಿದೂಷಕ ಚೆಲುವಯ್ಯ ಇದ್ದ. ಅವನು ಕಣ್ಣು ಮುಚ್ಚಿ ಸ್ವಾಮಿಯನ್ನು ನೆನೆದ. ಆಮೇಲೆ ಚದುರಂಗದ ಮಣೆ ತಂದು ದೊರೆಯ ಮುಂದಿಟ್ಟ. ತನ್ನ ಕಾಯಿಗಳು ಬಡವರ ಮನೆಯವು, ಸದ್ದಿಲ್ಲದೆ ನಡೆಯುತ್ತವೆ. ಆದರೆ ಪ್ರಭುಗಳ ಸೈನ್ಯ ಪರಾಕಿಲ್ಲದೆ ಹೆಜ್ಜೆಯಿಟ್ಟರೆ ಚೆನ್ನಾಗಿರುವುದಿಲ್ಲ ಎಂದ. ಹಾಗಾಗಿ ಒಂದೊಂದು ಕಾಯಿ ನಡೆಸುವ ಮೊದಲೂ ಅದರ ದೇಶದೇಶದ ಹೆಸರನ್ನೆಲ್ಲ ದೊರೆ ಹೇಳಬೇಕು. ಆಟದಲ್ಲಿ ತಾನು ಸೋತರೆ ಓಬಳಯ್ಯನ ಗಂಟು ಹೊತ್ತುಕೊಂಡು ತಾನೂ ಊರು ಬಿಡುತ್ತೇನೆ ಎಂದ.

"ನಾನು ಒಂದು ಹೆಸರು ಬಿಟ್ಟರೆ?" ದೊರೆ ಮೀಸೆಯ ಮೇಲೆ ಕೈಯಾಡಿಸಿದ.

"ಹೆಸರು ಬಿಟ್ಟವರಿಗೆ ಏನೆಂದು ಬೆಳಿಗ್ಗೆ ಪ್ರಭುಗಳೇ ಹೇಳಿದ್ದೀರಲ್ಲ."

ದೊರೆ ಗಹಗಹಿಸಿ ಒಪ್ಪಿದ. ಆಟ ಶುರುವಾಯಿತು. ಆನೆ ಎತ್ತಿದ: ಪಾರಸಿಯವರ ರಥ, ವಂಗದವರ ದೋಣಿ, ಪರಂಗಿಯವರ ಗೋಪುರ. ಮಂತ್ರಿ ಎತ್ತಿದ: ಪರಂಗಿಯವರ ರಾಣಿ. ಮಂತ್ರಿಗಳು ಅಲ್ಲೇ ನಿಂತಿದ್ದರು, ಶಲ್ಯ ಸರಿಮಾಡಿಕೊಂಡರು.

ಅತಿ ಕಷ್ಟದ್ದು ಒಂಟೆ. ಪಾರಸಿಯಲ್ಲಿ ಅದು ಆನೆ, ಪರಂಗಿಯವರಿಗೆ ಪಾದ್ರಿ, ಫ್ರೆಂಚರಿಗೆ ಕೋಡಂಗಿ, ಜರ್ಮನರಿಗೆ ಓಟಗಾರ. ಚೆಲುವಯ್ಯನಿಗೆ ಬೇಕಾದದ್ದೂ ಅದೇ. ಒಂಟೆಯ ದಾರಿಯಲ್ಲಿ ಒಂದೊಂದೇ ಕಾಲಾಳನ್ನು ಬೇಕೆಂದೇ ನಿಲ್ಲಿಸುತ್ತ ಹೋದ. ದೊರೆ ಹೆಸರು ಹೇಳುವುದು, ಕಾಲಾಳನ್ನು ಹೊಡೆಯುವುದು, ಮತ್ತೆ ಹೆಸರು ಹೇಳುವುದು. ಮಧ್ಯಾಹ್ನವಾಯಿತು. ಅಡುಗೆಯವನು ಎರಡು ಸಲ ಬಂದು ಇಣುಕಿ ಹೋದ. ದೊರೆಯ ಗಂಟಲು ಒಣಗಿತು, ಹಣೆಯಲ್ಲಿ ಬೆವರಿಳಿಯಿತು.

ಆಗ ಚೆಲುವಯ್ಯ ತನ್ನ ಮಂತ್ರಿಯನ್ನೇ ಒಂಟೆಯ ಬಾಯಿಗಿಟ್ಟ.

ದೊರೆಯ ಕಣ್ಣರಳಿತು. "ಒಂಟೆ, ಆನೆ, ಪಾದ್ರಿ," ಎಂದವನು ಒಮ್ಮೆ ಕೆಮ್ಮಿ, "ಓಟಗಾರ" ಎಂದು ಮಂತ್ರಿಯನ್ನು ಹೊಡೆದೇಬಿಟ್ಟ.

ಚೆಲುವಯ್ಯ ಕೈಮುಗಿದ.

"ಒಂದು ಹೆಸರು ಉಳಿಯಿತು ಪ್ರಭು. ಫ್ರೆಂಚರ ಕೋಡಂಗಿ. ಎದುರಿಗೇ ನಾನು ಕೂತಿದ್ದೆ, ಆದರೂ ನೆನಪಾಗಲಿಲ್ಲ ನೋಡಿ."

ದೊರೆಯ ಮುಖ ಕೆಂಪಾಯಿತು. "ಮರೆತದ್ದಲ್ಲ ಕಣಯ್ಯ. ಉಸಿರು ಸಿಕ್ಕಿಕೊಂಡಿತು."

"ಓಬಳಯ್ಯನೂ ಇದನ್ನೇ ಹೇಳಿದ್ದು."

ದೊರೆ ಕಿಟಕಿಯಾಚೆ ಸೂರ್ಯ ಎಷ್ಟು ಮೇಲಿದ್ದಾನೆಂದು ಓರೆಗಣ್ಣಲ್ಲಿ ನೋಡಿಕೊಂಡ. ಬಳಿಕ ಮೆಲ್ಲಗೆ, ಹಾಗಾದರೆ ನಾನು ಊರು ಬಿಡಬೇಕೇನಯ್ಯ ಎಂದು ಕೇಳಿದ.

ಚೆಲುವಯ್ಯ ಮಣೆಯ ಮೇಲಿನ ರಾಜನನ್ನು ತೋರಿಸಿದ. ಬೆಳಗಿನಿಂದ ಇದೊಂದಕ್ಕೆ ಮಾತ್ರ ಪರಾಕಾಗಿಲ್ಲ, ಇದರ ಹೆಸರುಗಳನ್ನು ಹೇಳಿಬಿಟ್ಟರೆ ಹಿಂದಿನದನ್ನು ಮರೆತುಬಿಡೋಣ ಎಂದ.

ದೊರೆ ಎದೆ ತುಂಬ ಉಸಿರೆಳೆದುಕೊಂಡ. "ನಮ್ಮಲ್ಲಿ ರಾಜ. ಪಾರಸಿಯಲ್ಲಿ..." ಯೋಚಿಸಿದ. "ಅಲ್ಲೂ ರಾಜ. ವಂಗದಲ್ಲೂ ರಾಜ. ಪರಂಗಿಯವರಲ್ಲೂ..." ಎಳೆದುಕೊಂಡ ಉಸಿರು ಹಾಗೇ ಉಳಿದುಹೋಯಿತು.

"ಅಷ್ಟೇ ಪ್ರಭು. ನಮ್ಮ ಆನೆ ವಂಗದಲ್ಲಿ ದೋಣಿಯಾಯಿತು. ಮಂತ್ರಿ ಸೀರೆ ಉಟ್ಟ. ಒಂಟೆಯ ಪಾಡನ್ನಂತೂ ಕೇಳುವುದೇ ಬೇಡ. ರಾಜ ಮಾತ್ರ ಹೋದ ಕಡೆಯೆಲ್ಲ ರಾಜ. ಏಳು ಕಡಲಾಚೆ ಒಂದೇ ಮಾತು ಸಾಕಾದವನಿಗೆ ಸ್ವಂತ ಮನೆಯ ಬಾಗಿಲಲ್ಲಿ ಮೂವತ್ತೆರಡು ಬೇಕೆ?"

ದೊರೆ ಅಷ್ಟು ಸುಲಭಕ್ಕೆ ಸೋಲುವವನಲ್ಲ. "ದೇವರಿಗೆ ಸಾವಿರ ನಾಮ ಇದೆಯಲ್ಲಯ್ಯ?"

"ಇದೆ ಪ್ರಭು, ದಿನವೂ ಹೇಳಿಕೊಳ್ಳುತ್ತೇನೆ. ಆದರೆ ಮೊಸಳೆಯ ಬಾಯಿಗೆ ಕಾಲು ಸಿಕ್ಕ ಗಜೇಂದ್ರ ಕೂಗಿದಾಗ, ಸಾವಿರ ತುಂಬಲಿ ಎಂದು ಸ್ವಾಮಿ ಕಾಯುತ್ತ ಕೂರಲಿಲ್ಲ. ಉಸಿರು ಸಿಕ್ಕಿಕೊಂಡದ್ದು ಕೇಳಿಯೇ ಓಡಿಬಂದ."

ದೊರೆ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೇನೋ ಎಂದು ಮಂತ್ರಿಗಳು ಬಗ್ಗಿ ನೋಡಿದರೆ, ನಗು. ಕೊರಳ ಸರ ತೆಗೆದು ಚೆಲುವಯ್ಯನ ಮೇಲೆಸೆದ. ಓಬಳಯ್ಯನನ್ನು ಕರೆತರಲು ತನ್ನ ಪಲ್ಲಕ್ಕಿಯನ್ನೇ ಕಳಿಸಿದ. ಸೀರೆಯಲ್ಲಿ ಸುತ್ತಿಟ್ಟ ದೇವರು ಸಂಜೆ ದೀಪದ ಹೊತ್ತಿಗೆ ಮತ್ತೆ ತನ್ನ ಗೂಡಿಗೆ ಬಂದ. ಅವನಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ನನ್ನ ನಂಬಿಕೆ.

ಮರುದಿನ ದೊರೆ ಸಭೆಗೆ ಬಂದಾಗ ಓಬಳಯ್ಯ, "ರಾಜರು ಬಂದರು" ಎಂದ.

ಹಳೇ ಅಭ್ಯಾಸ ನೋಡಿ, ದೊರೆ ಹೊಸ್ತಿಲಲ್ಲೇ ನಿಂತು ಮುಂದಿನದಕ್ಕೆ ಕಾದ.

"ಇಷ್ಟೇ ಮಹಾಪ್ರಭು" ಎಂದ ಓಬಳಯ್ಯ. ಆಮೇಲೆ ಕಂಬಕ್ಕೊರಗಿ, ನಲವತ್ತು ವರ್ಷದಲ್ಲಿ ಮೊದಲ ಸಲ, ನೆಮ್ಮದಿಯಾಗಿ ಕೆಮ್ಮಿದ.