ಗಂಟೆಗೆ ಕೊಟ್ಟ ಬಟ್ಟಲು

"ಗುರುಗಳೇ, ಆ ಅಡುಗೆಯವನು ಮಠಕ್ಕೆ ಬಂದ, ಬಾವಿ ಬತ್ತಿತು. ಅವನನ್ನು ಓಡಿಸಿದೆವು, ನೀರು ಬಂತು. ನೀವು ನೋಡಿದರೆ ಅವನನ್ನು ಮತ್ತೆ ಕರೆಸಿ ಎನ್ನುತ್ತೀರಿ. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಳ್ಳರ ಮನೆಯ ಕಂಚು ಸೇರಿದರೆ ಗಂಟೆ ಒಡೆಯುತ್ತದೆ. ಆ ಕಾಲದಲ್ಲಿ ಎಲ್ಲರೂ ನಂಬಿದ್ದು ಇದನ್ನೇ. ಹಾಗಾಗಿ ಒಂದು ಊರಿನವರು ದೇವಸ್ಥಾನದ ಗಂಟೆಗೆಂದು ಮನೆಮನೆಯ ಹಳೆಯ ಕಂಚು ಕೂಡಿಸುವಾಗ, ತಂದವರನ್ನು ವಿಚಾರಿಸಲು ಒಬ್ಬ ವರ್ತಕನನ್ನು ಕೂರಿಸಿದರು. ಅವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಬೇರೆ ಅರ್ಹತೆಯನ್ನು ಯಾರೂ ಕೇಳಲಿಲ್ಲ.

ಪರ ಊರಿನಿಂದ ಬಂದು ನೆಲೆಸಿದ್ದ ಒಬ್ಬ ಹೆಂಗಸು ಬಟ್ಟಲೊಂದನ್ನು ತಂದಳು.

"ಇದು ಎಲ್ಲಿಯದಮ್ಮ?"

"ನಮ್ಮವ್ವನದು, ಯಜಮಾನರೇ. ನಿಮ್ಮ ಮನೆಯದಲ್ಲ, ಗಾಬರಿಯಾಗಬೇಡಿ."

ಹಿಂದೆ ನಿಂತವರು ನಕ್ಕರು. ವರ್ತಕ ನಗಲಿಲ್ಲ. ಅವಳ ಮುಖವನ್ನು ನೆನಪಿಟ್ಟುಕೊಂಡ.

ಎರಕದವನು ಮಣ್ಣಿನ ಅಚ್ಚು ಕಟ್ಟಿದ. ಅದಿನ್ನೂ ಹಸಿಯಾಗಿದೆ, ಒಣಗಲಿ ಎಂದ. ಇವನು ಕೂಲಿ ಬೆಳೆಸಲು ನೋಡುತ್ತಿದ್ದಾನೆ ಎಂದು ವರ್ತಕನಿಗೆ ಅನುಮಾನ ಬಂತು. ಮುಹೂರ್ತ ತಪ್ಪುತ್ತದೆ, ಈಗಲೇ ಹೊಯ್ಯಿ ಎಂದ. ಕುಲುಮೆಯ ಪಕ್ಕ ಕೂತು ಕಂಚಿನ ಬಟ್ಟಲಲ್ಲಿ ಗಂಜಿ ಕುಡಿಯುತ್ತಿದ್ದ ಎರಕದವನು "ನಿಮ್ಮಿಷ್ಟ" ಎಂದು ಎದ್ದ.

ಮೊದಲ ಪೆಟ್ಟಿಗೇ ಗಂಟೆ ಸೀಳಿತು.

ವರ್ತಕನಿಗೆ ಆಶ್ಚರ್ಯವಾಗಲಿಲ್ಲ. "ಆ ಹೆಂಗಸಿನ ಬಟ್ಟಲು ತಾನೇ ಕಾರಣ?" ಎಂದು ಕೇಳಿದ.

ಎರಕದವನು ಹಸಿ ಅಚ್ಚಿನ ಚೂರುಗಳನ್ನು ನೋಡಿದ, ಸುತ್ತ ನೆರೆದ ಜನರನ್ನು ನೋಡಿದ. "ಇರಬಹುದು ಸ್ವಾಮಿ. ತಿಳಿದವರು ನೀವು" ಎಂದ.

ಸಂಜೆಯೊಳಗೆ ಅವಳನ್ನು ಊರಿನಿಂದ ಹೊರಗೆ ಹಾಕಿದರು. ಅವಳ ಎಮ್ಮೆ ಯಾರ ಕೊಟ್ಟಿಗೆ ಸೇರಿತೆಂದು ಯಾರೂ ಕೇಳಲಿಲ್ಲ.

ಮುಂದಿನ ಮುಹೂರ್ತ ದೂರವಿತ್ತು. ಅಷ್ಟರಲ್ಲಿ ಹೊಸ ಅಚ್ಚು ಚೆನ್ನಾಗಿ ಒಣಗಿತು. ಒಡೆದ ಗಂಟೆಯನ್ನೇ ಕರಗಿಸಿದರು. ಕಂಚು ಒಂದಿಷ್ಟು ಕಡಿಮೆ ಬಿತ್ತು. ಎರಕದವನು ತಾನು ಗಂಜಿ ಕುಡಿಯುತ್ತಿದ್ದ ಬಟ್ಟಲನ್ನೂ ಮೂಸೆಯೊಳಗೆ ಹಾಕಿ, ಕರಗಿದ ಮೇಲೆ ಎರಕ ಹೊಯ್ದ. ಈ ಸಲ ಗಂಟೆಯ ನಾದ ಪಕ್ಕದ ಊರಿಗೂ ಕೇಳಿಸಿತು.

"ನಾನು ಹೇಳಿರಲಿಲ್ಲವೇ?" ಎಂದ ವರ್ತಕ. ಊರೆಲ್ಲ ಹೌದೆಂದಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ನಾನು ಹೇಳಿದ್ದೂ ಅದೇ ಅಲ್ಲವೇ ಗುರುಗಳೇ? ಅವಳು ಹೋದಳು, ಗಂಟೆ ಸರಿಹೋಯಿತು."

"ಎರಕದವನು ಗಂಜಿ ಕುಡಿಯಲು ಎತ್ತಿಟ್ಟುಕೊಂಡಿದ್ದ ಬಟ್ಟಲು ಅವಳು ಗಂಟೆಗೆಂದು ಕೊಟ್ಟದ್ದು" ಎಂದರು ಗುರುಗಳು.