ಬೂದಿಯ ಗೀರು

"ಗುರುಗಳೇ, ಮಾಡಿದ ತಪ್ಪನ್ನು ಯಾರೂ ನೋಡುವ ಮೊದಲೇ ಸರಿಮಾಡಿಬಿಟ್ಟರೆ, ಅದನ್ನು ಬಾಯಿಬಿಟ್ಟು ಹೇಳಲೇಬೇಕೆ?"

ಕೇಳಿದವನು ಗುರುಪಾದ ಎಂಬ ಶಿಷ್ಯ. ಮಠದ ಉಗ್ರಾಣವನ್ನು ನೋಡಿಕೊಳ್ಳುವವನು ಅವನೇ. ಅದರ ಕೀಲಿ ಸದಾ ಅವನ ಸೊಂಟದಲ್ಲಿ ಇರುತ್ತಿತ್ತು. ದಿನವೂ ಮುಂದೆ ಬಂದು ಕೂರುವವನು ಅಂದು ಬಾಗಿಲ ಬಳಿಯೇ ನಿಂತಿದ್ದ.

"ಯಾರು ಮಾಡಿದ ತಪ್ಪು?" ಎಂದರು ಗುರುಗಳು.

"ಯಾರೂ ಮಾಡಿದ್ದಲ್ಲ. ಸುಮ್ಮನೆ ತಿಳಿದುಕೊಳ್ಳೋಣವೆಂದು ಕೇಳಿದೆ."

"ಸುಮ್ಮನೆ ಕೇಳುವವರು ಹೀಗೆ ನಿಂತು ಬೆವರುವುದಿಲ್ಲ. ಬಾ, ಕೂರು."

ಗುರುಪಾದ ಬಂದು ಕೂತ. ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ಪಾತ್ರೆ ವ್ಯಾಪಾರಿ. ತಮ್ಮ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಇಬ್ಬರ ಮನೆಯೂ ಒಂದೇ ಓಣಿಯಲ್ಲಿ, ಎದುರುಬದುರು. ಆದರೂ ಬಹಳ ವರ್ಷ ಅವರ ನಡುವೆ ಮಾತಿರಲಿಲ್ಲ.

ಮಾತು ನಿಂತದ್ದು ಒಂದು ಬೋರ್ಡಿನಿಂದ. ಅಣ್ಣ ತನ್ನ ಅಂಗಡಿಗೆ ಹೊಸ ಬೋರ್ಡು ಹಾಕಿಸಿದ್ದ. ಯಾರೋ ಅದಕ್ಕೆ ಡಾಂಬರು ಬಳಿದರು. ಆಸ್ತಿ ಪಾಲಾದ ಹೊಸತು, ಮನಸ್ಸುಗಳು ಕೆಟ್ಟಿದ್ದವು. ಅಣ್ಣ ನೆಟ್ಟಗೆ ತಮ್ಮನ ಗಿರಣಿಗೆ ಬಂದು ಕೇಳಿದ. "ನನಗ ಗೊತ್ತಿಲ್ಲಣ್ಣಾ" ಎಂದ ತಮ್ಮ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಣ್ಣ ನಂಬಲಿಲ್ಲ.

ಮುಂದೊಂದು ಕಾಲಕ್ಕೆ ತಮ್ಮ ಕಾಮಾಲೆಯಾಗಿ ಹಾಸಿಗೆ ಹಿಡಿದ. ಅಣ್ಣ ತಾನಾಗಿ ಬಂದು ಮಂಚದ ಪಕ್ಕ ಕೂತ. ಬೋರ್ಡಿನ ಸುದ್ದಿಯನ್ನು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಹೋಗಿಬರುವುದು ಮೆಲ್ಲಗೆ ಮತ್ತೆ ಶುರುವಾಯಿತು. ಮೇಲೆ ಮೇಲೆ ಎಲ್ಲ ಸರಿಹೋಯಿತು. ಒಳಗೆ ಮಾತ್ರ ಒಂದು ಅಂಜಿಕೆ ಉಳಿದೇ ಇತ್ತು.

ಆ ವರ್ಷ ದಸರೆಗೆ ಮೊದಲು ಅಣ್ಣ ಹೆಂಡತಿಯನ್ನು ಕರೆದುಕೊಂಡು ಕಾಶಿಗೆ ಹೊರಟ. ಅವನದೊಂದು ಕರಿ ಬಣ್ಣದ ಕಾರಿತ್ತು. ಹೊರಡುವ ಮುಂಜಾನೆ ಅದರ ಕೀಲಿಯನ್ನು ತಂದು ತಮ್ಮನ ಕೈಯಲ್ಲಿಟ್ಟ. "ನಾ ಬರೂತನಕ ನಿನ್ನ ಕಡೆನ ಇರಲಿ" ಎಂದ. ತಮ್ಮ ಆ ಕೀಲಿಯನ್ನು ಒಯ್ದು ದೇವರ ಜಗಲಿಯ ಮೇಲಿಟ್ಟ. ಇಷ್ಟು ವರ್ಷ ತನ್ನನ್ನು ನಂಬದವನು ಇಂದು ನಂಬಿದ್ದಾನೆ ಎಂದು ಹೆಂಡತಿಯ ಮುಂದೆ ಹೇಳಿ ಕಣ್ಣೊರೆಸಿಕೊಂಡ.

ಆಯುಧ ಪೂಜೆ ಬಂತು. ಓಣಿಯ ಗಾಡಿಗಳೆಲ್ಲ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತವು. ಅಣ್ಣನ ಕಾರು ಧೂಳು ಹೊದ್ದು ನಿಂತಿತ್ತು. ತಮ್ಮನಿಗೆ ಮನಸ್ಸು ತಡೆಯಲಿಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಕಲಸಿ ಬಾನೆಟ್ಟಿನ ಮೇಲೆ ದಪ್ಪನೆಯ ಮೂರು ಪಟ್ಟೆ ಎಳೆದ. ಕುಂಕುಮ ಇಟ್ಟು ಕಾಯಿ ಒಡೆದ. ಮರುದಿನ ಒಣಗಿದ ವಿಭೂತಿಯನ್ನು ಒಣ ಟವೆಲಿನಿಂದಲೇ ತಿಕ್ಕಿ ಒರೆಸಿದ. ವಿಭೂತಿಯ ಕೆಳಗೆ ಧೂಳಿತ್ತು, ಧೂಳಿನಲ್ಲಿ ಸಣ್ಣ ಮರಳಿತ್ತು. ಟವೆಲು ಓಡಾಡಿದ ಕಡೆಯೆಲ್ಲ ಕೂದಲೆಳೆಯಂಥ ಗೀರು ಬಿದ್ದವು.

ಭಕ್ತಿಯಿಂದ ಮಾಡಿದ ಕೆಲಸ. ತಪ್ಪೆಂದರೆ ತಪ್ಪು, ಅಲ್ಲವೆಂದರೆ ಅಲ್ಲ. ಆದರೆ ತಮ್ಮನಿಗೆ ಆ ಗೀರುಗಳಲ್ಲಿ ಹಳೆಯ ಡಾಂಬರು ಕಂಡಿತು. ಅಣ್ಣ ಬಂದು ನೋಡಿದರೆ ಏನೆಂದುಕೊಳ್ಳುತ್ತಾನೆ? ಹೊಟ್ಟೆಕಿಚ್ಚಿಗೆ ಕೆರೆದಿದ್ದಾನೆ ಎಂದುಕೊಳ್ಳುತ್ತಾನೆ. ಅಂದು ಬೋರ್ಡು, ಇಂದು ಕಾರು ಎಂದುಕೊಳ್ಳುತ್ತಾನೆ.

"ನಿಮ್ಮ ಅಣ್ಣಾರಿಗೆ ಒಂದ್ ಫೋನ್ ಹಚ್ಚಿ ಹೇಳಿಬಿಡ್ರಿ" ಎಂದಳು ಹೆಂಡತಿ. "ಇಭೂತಿ ಒರಸಾಕ ಹೋಗಿ ಗೀರು ಬಿದ್ದಾವು ಅಂದ್ರ ಮುಗೀತು."

"ಅಂವ ನಂಬೂದಿಲ್ಲ."

"ಹೇಳದನ ನಂಬೂದಿಲ್ಲ ಅಂದ್ರ ಹೆಂಗ್ರಿ?"

ತಮ್ಮ ಪೇಟೆಗೆ ಹೋದ. ಕಾರಿನ ಬಣ್ಣಕ್ಕೆ ಪಾಲಿಶ್ ಮಾಡುವ ಯಂತ್ರ ತಂದ. ಅದಕ್ಕೆ ಸಿಕ್ಕಿಸುವ ಸ್ಪಂಜಿನ ತಟ್ಟೆಗಳು, ಪೇಸ್ಟಿನ ಡಬ್ಬಿ, ಅಂಟಿಸುವ ಟೇಪು, ಎಲ್ಲ ತಂದ. ಮನೆಯಲ್ಲೇ ಪಾಲಿಶ್ ಮಾಡುವುದು ಹೇಗೆಂದು ಮೊಬೈಲಿನಲ್ಲಿ ಒಬ್ಬ ಹೇಳಿಕೊಡುತ್ತಿದ್ದ. ಗಾಡಿಯನ್ನು ಮೊದಲು ಚೆನ್ನಾಗಿ ತೊಳೆಯಿರಿ. ಬಿಸಿಲಿನಲ್ಲಿ ಮಾಡಬೇಡಿ. ಅಂಚುಗಳಿಗೂ ಉಬ್ಬಿದ ಏಣುಗಳಿಗೂ ಟೇಪು ಹಚ್ಚಿ, ಅಲ್ಲಿ ಬಣ್ಣ ತೆಳುವಾಗಿರುತ್ತದೆ. ಯಂತ್ರವನ್ನು ಒತ್ತಬೇಡಿ, ಒಂದೇ ಕಡೆ ನಿಲ್ಲಿಸಬೇಡಿ. ಮೊದಲು ಅಂಗೈಯಗಲ ಮಾಡಿ ನೋಡಿ, ಆಮೇಲೆ ಮುಂದಕ್ಕೆ ಹೋಗಿ. ಕೊನೆಗೆ ಅವನು ಇನ್ನೊಂದು ಮಾತು ಹೇಳಿದ. ಪಾಲಿಶ್ ಮಾಡಿದರೆ ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ಸುತ್ತಲಿನ ಮೈಯೇ ಅದರ ಆಳಕ್ಕೆ ಸವೆಯುತ್ತದೆ, ಅದಕ್ಕೇ ಗೀರು ಕಾಣುವುದಿಲ್ಲ.

ಉಳಿದದ್ದನ್ನೆಲ್ಲ ತಮ್ಮ ಕಿವಿಗೊಟ್ಟು ಕೇಳಿದ. ಈ ಕೊನೆಯ ಮಾತು ಬರುವ ಹೊತ್ತಿಗೆ ಅವನು ಆಗಲೇ ಯಂತ್ರದ ವೈರು ಬಿಚ್ಚುತ್ತಿದ್ದ.

ಕಾರನ್ನು ಗಿರಣಿಯ ಪಕ್ಕದ ತಗಡಿನ ಶೆಡ್ಡಿಗೆ ತಂದು ನಿಲ್ಲಿಸಿದ. ತೊಳೆದ. ಟೇಪು ಹಚ್ಚಿದ. ಅಂಗೈಯಗಲ ಜಾಗಕ್ಕೆ ಪೇಸ್ಟು ಹಚ್ಚಿ ಯಂತ್ರ ಆಡಿಸಿದ. ಒರೆಸಿ ನೋಡಿದರೆ ಗೀರಿಲ್ಲ. ಹಾಗೆಯೇ ಬಾನೆಟ್ಟು ಪೂರ್ತಿ ಮಾಡಿದ. ಒಂದು ಗೀರೂ ಉಳಿಯಲಿಲ್ಲ. ಬಾನೆಟ್ಟಿನಲ್ಲಿ ಅವನ ಮುಖ ಕಂಡಿತು.

"ಹಾಗಾದರೆ ಸರಿಹೋಯಿತಲ್ಲ, ಗುರುಗಳೇ" ಎಂದ ಗುರುಪಾದ.

"ನೀನೂ ಅವನ ಹಾಗೆಯೇ ಉಸಿರುಬಿಟ್ಟೆ" ಎಂದರು ಗುರುಗಳು. "ಅವನು ಅಲ್ಲಿಗೆ ನಿಲ್ಲಿಸಿದ್ದರೆ ನನಗೆ ಹೇಳಲು ಕತೆ ಎಲ್ಲಿರುತ್ತಿತ್ತು? ಕೇಳು."

ತಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದು ಕಾರನ್ನು ನೋಡಿದ. ಬಾನೆಟ್ಟು ಹೊಸದರಂತೆ ಹೊಳೆಯುತ್ತಿತ್ತು. ಬಾಗಿಲುಗಳು ಹಳೆಯ ಕೊಡೆಯ ಬಟ್ಟೆಯಂತೆ ಮಂಕಾಗಿದ್ದವು. ಬಾನೆಟ್ಟೊಂದೇ ಯಾಕೆ ಹೊಳೆಯುತ್ತದೆ ಎಂದು ಅಣ್ಣ ಕೇಳದೆ ಇರುತ್ತಾನೆಯೇ? ಗೀರು ಹೋಗಿತ್ತು. ಗೀರು ತೆಗೆದ ಗುರುತು ಎದ್ದು ಕಾಣುತ್ತಿತ್ತು. ಈಗ ಅದನ್ನೂ ಮುಚ್ಚಬೇಕಾಯಿತು. ಬಾಗಿಲುಗಳಿಗೆ ಮಾಡಿದ. ಬಾಗಿಲಾದ ಮೇಲೆ ಮೇಲ್ಛಾವಣಿ, ಅದಾದ ಮೇಲೆ ಡಿಕ್ಕಿ. ಬೂದಿ ಬಿದ್ದದ್ದು ಒಂದೇ ಕಡೆ. ಯಂತ್ರ ತಿರುಗಿದ್ದು ಕಾರಿನ ಮೈಯೆಲ್ಲ.

ಗಿರಣಿ ಮುಚ್ಚಿತ್ತು. ಜೋಳದ ಡಬ್ಬಿ ಹೊತ್ತು ಬಂದವರು ಕೂಗಿ ಕೂಗಿ ವಾಪಸು ಹೋದರು. ಶೆಡ್ಡಿನ ಮುಂದೆ ಯಾರ ಹೆಜ್ಜೆ ಸಪ್ಪಳವಾದರೂ ಅವನು ಯಂತ್ರ ಆರಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಕಳ್ಳತನ ಮಾಡದೆಯೇ ಕಳ್ಳನಾಗಿದ್ದ.

ಆಗ ಅಣ್ಣನ ಫೋನು ಬಂತು. "ಕಾರ್ ಹೆಂಗೈತೋ?" ಎಂದ ಅಣ್ಣ. ಊಟ ಆಯಿತೇ ಎಂದು ಕೇಳುವ ಹಾಗೆ ಕೇಳಿದ ಮಾತು ಅದು. ಯಾರೋ ಚಾಡಿ ಹೇಳಿದ್ದಾರೆ ಅಂದುಕೊಂಡ ತಮ್ಮ. "ಚೊಲೋ ಐತಣ್ಣಾ" ಎಂದ. "ನಾಳೆ ಮಧ್ಯಾಹ್ನ ಊರು ಮುಟ್ಟತೀವಿ" ಎಂದು ಅಣ್ಣ ಫೋನಿಟ್ಟ.

ತಮ್ಮ ಕಾರನ್ನು ಶೆಡ್ಡಿನಿಂದ ಬಿಸಿಲಿಗೆ ತಂದ. ನೆರಳಿನಲ್ಲಿ ಕಾಣದ್ದು ಬಿಸಿಲಿನಲ್ಲಿ ಕಂಡಿತು. ಮೈತುಂಬ ಜೇಡರ ಬಲೆಯ ಹಾಗೆ ಸುತ್ತುಸುತ್ತಾದ ಗೀರುಗಳು. ಗಡಿಬಿಡಿಯಲ್ಲಿ ಅವನು ಸ್ಪಂಜಿನ ತಟ್ಟೆ ತೊಳೆದಿರಲಿಲ್ಲ. ಒತ್ತಬಾರದ ಕಡೆ ಒತ್ತಿದ್ದ. ಇದರ ಜೊತೆಗೆ ಟೇಪು ಹಚ್ಚಿದ್ದ ಕಡೆ ಹೊಳಪು ಬರದೆ ಏಣುಗಳ ಉದ್ದಕ್ಕೂ ಮಂಕು ಪಟ್ಟಿ ಉಳಿದಿತ್ತು. ಬೂದಿಯ ಗೀರನ್ನು ಹತ್ತಿರ ಹೋಗಿ ನೋಡಬೇಕಾಗಿತ್ತು. ಇವು ದೂರದಿಂದಲೇ ಕಾಣುತ್ತಿದ್ದವು.

ಕಾರು ಮತ್ತೆ ಶೆಡ್ಡಿಗೆ ಹೋಯಿತು. ತಮ್ಮ ತಟ್ಟೆ ತೊಳೆದು ಸುತ್ತು ಗೀರುಗಳನ್ನೆಲ್ಲ ತೆಗೆದ, ಟೇಪು ಮಾತ್ರ ಹಚ್ಚಲಿಲ್ಲ. ಈ ಸಲ ಏಣನ್ನೂ ಬಿಡುವಂತಿರಲಿಲ್ಲ. ಬಾನೆಟ್ಟಿನ ನಡುವಿನ ಏಣಿನ ಮೇಲೆ ಯಂತ್ರ ಇಟ್ಟು ಒತ್ತಿದ.

ಗಿರಣಿಯಲ್ಲಿ ಕಾಳು ಮುಗಿದ ಮೇಲೂ ಕಲ್ಲು ತಿರುಗಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಅವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಸದ್ದು ಬದಲಾದರೆ ಸಾಕು, ಊಟದ ತಟ್ಟೆ ಬಿಟ್ಟು ಓಡಿಬಂದು ಗಿರಣಿ ನಿಲ್ಲಿಸುತ್ತಿದ್ದ. ಅಂದು ಯಂತ್ರದ ಸದ್ದು ಅವನಿಗೆ ಕೇಳಿಸಲೇ ಇಲ್ಲ. ಹೆದರಿದವನಿಗೆ ತನ್ನ ಎದೆಯ ಬಡಿತ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಒರೆಸಿ ನೋಡಿದಾಗ ಏಣಿನ ಮೇಲೆ ಕಪ್ಪು ಹೋಗಿ ಬಿಳಿ ಕಂಡಿತು. ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರ್ ಅದು. ಗೇಣುದ್ದದ ನೇರವಾದ ಗೆರೆ. ಯಾರೋ ಮೊಳೆ ತಂದು ಬೇಕೆಂದೇ ಎಳೆದ ಹಾಗಿತ್ತು. ಯಾವ ಮಾತು ಬರುತ್ತದೆಂದು ಅವನು ಹೆದರಿದ್ದನೋ ಆ ಮಾತಿಗೆ ಬೇಕಾದ ಸಾಕ್ಷಿಯನ್ನು ತನ್ನ ಕೈಯಾರೆ ತಯಾರುಮಾಡಿದ್ದ.

ಹೆಂಡತಿ ಬಂದು ನೋಡಿ ಬಾಯಿಗೆ ಸೆರಗು ಹಿಡಿದಳು. "ಈಗರ ಹೇಳ್ರಿ" ಎಂದಳು.

"ಈಗ ಹೆಂಗ ಹೇಳ್ಲಿ?" ಎಂದ ಅವನು.

ಬೂಟಿಗೆ ಹಚ್ಚುವ ಕರಿ ಪಾಲಿಶ್ ತಂದು ಆ ಬಿಳಿಯ ಮೇಲೆ ಬೆರಳಿನಿಂದ ತುಂಬಿದ. ಕಪ್ಪಿನ ಮೇಲೆ ಕಪ್ಪು ಕೂತಿತು. ಕಾರನ್ನು ಒಯ್ದು ಅಣ್ಣನ ಬಾಗಿಲಲ್ಲಿ ನಿಲ್ಲಿಸಿದ. ಕೈಯನ್ನು ಸೋಪು ಹಚ್ಚಿ ತೊಳೆದ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ.

ಮರುದಿನ ಅಣ್ಣ ಬಂದ. ತಮ್ಮನನ್ನು ತಬ್ಬಿಕೊಂಡ. ಕಾಶಿಯ ಭಸ್ಮದ ಪೊಟ್ಟಣ ಬಿಚ್ಚಿ ತಮ್ಮನ ಹಣೆಗೆ ಹಚ್ಚಿದ. ಮಿಕ್ಕದ್ದನ್ನು ಹಿಡಿದು ಕಾರಿನ ಹತ್ತಿರ ಹೋದ. "ಹಬ್ಬದಾಗ ಇದಕ ಪೂಜಾ ಇಲ್ಲದಂಗ ಆತು" ಎನ್ನುತ್ತ ಬಾನೆಟ್ಟಿನ ಮೇಲೆ ಮೂರು ಪಟ್ಟೆ ಎಳೆದ. ಉದುರಿದ ಭಸ್ಮವನ್ನು ಹೆಗಲ ಮೇಲಿನ ಟವೆಲಿನಿಂದ ತಿಕ್ಕಿ ಒರೆಸತೊಡಗಿದ. ಟವೆಲು ಒಣಗಿತ್ತು.

"ಅಣ್ಣಾ, ಗೀರು ಬೀಳ್ತಾವು!" ಎಂದು ಚೀರಿದ ತಮ್ಮ.

ಅಣ್ಣ ನಕ್ಕ. "ಬೀಳಲಿ ಬಿಡೋ. ತಿರುಗಾಡು ಗಾಡಿ ಇದು, ಗೀರು ಬೀಳದ ಇರತಾವೇನು? ಅದೂ ಇಭೂತಿ ಗೀರು."

ತಮ್ಮನಿಗೆ ಅಲ್ಲೇ ಕುಸಿದು ಕೂತು ಅಳಬೇಕೆನಿಸಿತು. ತಾನು ಯಾವುದಕ್ಕೆ ಹೆದರಿ ನಿದ್ದೆ ಊಟ ಬಿಟ್ಟಿದ್ದನೋ ಅದು ಅಣ್ಣನಿಗೆ ನಗುವ ಮಾತಾಗಿತ್ತು. ಈಗಲಾದರೂ ಹೇಳಿಬಿಡುತ್ತೇನೆಂದು ಬಾಯಿ ತೆರೆದ.

ಅಷ್ಟರಲ್ಲಿ ಅಣ್ಣನ ಟವೆಲು ಏಣಿನ ಮೇಲೆ ಹಾಯಿತು. ಟವೆಲಿಗೆ ಕಪ್ಪು ಹತ್ತಿತು. ಬಿಳಿಯ ಗೆರೆ ಹೊರಗೆ ಬಂತು. ಅಣ್ಣ ಗೆರೆಯನ್ನು ನೋಡಿದ. ಟವೆಲನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ಅವನ ನಗು ನಿಂತಿತು.

"ಇದನ್ನ ಯಾರು ಮಾಡ್ಯಾರೋ ತಮ್ಮಾ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ತಮ್ಮನಿಗೆ ಆ ದನಿ ಗುರುತು ಸಿಕ್ಕಿತು. ಗಿರಣಿಗೆ ಬಂದು ಬೋರ್ಡಿನ ಸುದ್ದಿ ಕೇಳಿದಾಗಲೂ ಅಣ್ಣ ಮೊದಲು ಹೀಗೆಯೇ ಮೆಲ್ಲಗೆ ಕೇಳಿದ್ದ. ತೆರೆದ ಬಾಯಿಂದ ಬೇರೆಯೇ ಮಾತು ಬಂತು.

"ನನಗ ಗೊತ್ತಿಲ್ಲಣ್ಣಾ."

ಅಣ್ಣ ತಮ್ಮನ ಉಗುರುಗಳನ್ನು ನೋಡಿದ. ಟವೆಲನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ. ಆಮೇಲೆ ಕೀಲಿಗಾಗಿ ಕೈ ಚಾಚಿದ. ತಮ್ಮ ಕೊಟ್ಟ. ಅಣ್ಣ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕತೆ ಇಲ್ಲಿಗೆ ನಿಂತಿತು. ಗುರುಪಾದ ಸಣ್ಣ ದನಿಯಲ್ಲಿ, "ಅಣ್ಣ ಒಂದು ಮಾತೂ ಬೈಯಲಿಲ್ಲವೇ?" ಎಂದು ಕೇಳಿದ.

"ಇಲ್ಲ. ಬೈದಿದ್ದರೆ ತಮ್ಮನ ಪುಣ್ಯ. ಬೋರ್ಡಿಗೆ ಡಾಂಬರು ಬಳಿದವರು ಯಾರೆಂದು ಅಣ್ಣನಿಗೆ ಅಂದು ಖಾತ್ರಿಯಾಯಿತು. ತಪ್ಪಾಗಿ ಖಾತ್ರಿಯಾಯಿತು. ಅದೇ ಬಾಯಿ, ಅದೇ ಮಾತು. ಎರಡನೆಯ ಸಲದ ಸುಳ್ಳು ಮೊದಲನೆಯ ಸಲದ ನಿಜವನ್ನೂ ತಿಂದುಹಾಕಿತು."

ಗುರುಪಾದನ ಕೈ ತನಗೆ ತಿಳಿಯದೆಯೇ ಸೊಂಟಕ್ಕೆ ಹೋಯಿತು. "ತಮ್ಮ ಯಾವಾಗ ಹೇಳಿದ್ದರೆ ಉಳಿಯುತ್ತಿದ್ದ, ಗುರುಗಳೇ?" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ಉಗ್ರಾಣದ ಕೀಲಿ ಇನ್ನೂ ನಿನ್ನ ಸೊಂಟದಲ್ಲೇ ಇದೆ ಗುರುಪಾದ, ನಾನಿನ್ನೂ ಕೈ ಚಾಚಿಲ್ಲ."