ಸೂಜವ್ವನ ಕರಿ ಕಲ್ಲುಗಳು

ಮತ್ತೆ ಬಾಯಿ ಹಾಕಿದಿರಾ? ಒಬ್ಬನಿಗೆ ನೀರು ಬೇಕು, ಇನ್ನೊಬ್ಬಳಿಗೆ ತಮ್ಮ ಚಿವುಟಿದ. ಕಥೆ ಬೇಕಾದರೆ ತುಟಿ ಹೊಲಿದುಕೊಂಡು ಕೂರಿ.

ಒಂದು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಒಡ್ಡು ಕಟ್ಟುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಆ ಕಾಡಿನ ಹೊಳೆ ಪ್ರತಿ ಮಳೆಗಾಲ ಉಕ್ಕಿ, ದಂಡೆಯ ಬಿಲಗಳಲ್ಲಿದ್ದ ಮರಿಗಳು ಕೊಚ್ಚಿ ಹೋಗುತ್ತಿದ್ದವು. ಅದಕ್ಕೆ ಆನೆ ಯಜಮಾನ ಎರಡೂ ದಂಡೆಗೆ ಒಡ್ಡು ಕಟ್ಟಿಸಲು ಹೊರಟ. ಎಡದಂಡೆಯ ಗುತ್ತಿಗೆ ಸೂಜವ್ವನಿಗೆ, ಬಲದಂಡೆಯದು ನುಣ್ಣಪ್ಪ ಎಂಬ ನರಿಗೆ. ಮೂರು ವರ್ಷದ ಕೆಲಸ. ಒಬ್ಬೊಬ್ಬರಿಗೆ ತೊಂಬತ್ತು ಬುಟ್ಟಿ ಬಿದಿರಕ್ಕಿಯನ್ನು ಮೊದಲೇ ಅಳೆದು ಕೊಟ್ಟ. ಅಗೆಯುವ ಹೆಗ್ಗಣಗಳ ಕೂಲಿಗೆ ಅರವತ್ತು ಹೋದರೂ ಮೂವತ್ತು ಉಳಿಯುತ್ತದೆ ಎಂದು ಇಬ್ಬರೂ ಅಂದಾಜು ಹಾಕಿದರು.

ಅಲ್ಲಿ ಒಂದು ಕಟ್ಟಳೆ ಇತ್ತು. ವರ್ಷಕ್ಕೊಮ್ಮೆ ಗುತ್ತಿಗೆದಾರರು ಹೊಂಗೆ ಮರದ ಕೆಳಗೆ ಎಲ್ಲರೆದುರು ಕಲ್ಲು ಇಡಬೇಕು. ಒಂದು ಬುಟ್ಟಿ ಲಾಭಕ್ಕೆ ಒಂದು ಬಿಳಿ ಕಲ್ಲು, ಒಂದು ಬುಟ್ಟಿ ನಷ್ಟಕ್ಕೆ ಒಂದು ಕರಿ ಕಲ್ಲು. ಬಿಳಿ ಕಲ್ಲು ಇಟ್ಟಷ್ಟು ಅಕ್ಕಿಯನ್ನು ಮನೆಗೆ ಒಯ್ಯಬಹುದು.

ಮೊದಲ ವರ್ಷ ಮೂರನೇ ಒಂದು ಪಾಲು ಕೆಲಸ ಮುಗಿಯಿತು. ಸೂಜವ್ವ ಹತ್ತೇ ಬಿಳಿ ಕಲ್ಲು ಇಟ್ಟಳು. ನುಣ್ಣಪ್ಪ ಮೂವತ್ತನ್ನೂ ಇಟ್ಟು, ಊಟ ಹಾಕಿಸಿ, ಎಲ್ಲರಿಂದ ಭೇಷ್ ಅನ್ನಿಸಿಕೊಂಡ.

ಎರಡನೇ ವರ್ಷ ಎರಡೂ ಕಡೆ ಬುಡದಲ್ಲಿ ಬಂಡೆ ಸಿಕ್ಕಿತು. ಒಟ್ಟು ಕೂಲಿ ನೂರು ಬುಟ್ಟಿ ಆಗುತ್ತದೆ ಎಂದು ಹೆಗ್ಗಣಗಳು ಇಬ್ಬರಿಗೂ ಹೇಳಿದವು. ಕಲ್ಲಿಡುವ ದಿನ ಸೂಜವ್ವ ತನ್ನ ಹತ್ತು ಬಿಳಿ ಕಲ್ಲನ್ನು ತೆಗೆದು, ಹತ್ತು ಕರಿ ಕಲ್ಲು ಇಟ್ಟಳು. ಅವಳ ಮರಿಗಳು ನಾಚಿ ತಲೆ ತಗ್ಗಿಸಿದವು.

ನುಣ್ಣಪ್ಪ ನಕ್ಕ. "ಸೂಜಕ್ಕ, ಇನ್ನೂ ಒಂದು ವರ್ಷದ ಕೆಲಸ ಬಾಕಿ ಇದೆ. ಅರ್ಧ ನಷ್ಟ ಇಟ್ಟರೂ ಸಾಕಿತ್ತು. ನನ್ನ ನೋಡು, ಒಂದೂ ಇಟ್ಟಿಲ್ಲ."

"ಲಾಭ ನಾನು ದುಡಿದಷ್ಟು. ನಷ್ಟ ನನಗೆ ಕಂಡಷ್ಟೂ," ಎಂದಳು ಸೂಜವ್ವ. "ಬಚ್ಚಿಡೋಕೆ ನನ್ನ ಮೈಮೇಲೆ ಮುಳ್ಳಿದೆ ಕಣಪ್ಪ, ಜೇಬಿಲ್ಲ."

ಮೊದಲ ವರ್ಷ ಒಯ್ದು ತಿಂದದ್ದು ಹತ್ತು, ನಷ್ಟ ಹತ್ತು. ಒಟ್ಟು ಇಪ್ಪತ್ತು ಬುಟ್ಟಿ ಹೊಂದಿಸಲು ಅವಳಿಗೆ ಇಡೀ ಒಂದು ವರ್ಷ ಸಿಕ್ಕಿತು. ಮರಿಗಳನ್ನು ಕಟ್ಟಿಕೊಂಡು ಕಾಡೆಲ್ಲ ಗೆಡ್ಡೆ ಗೆಣಸು ಅಗೆದಳು. ಹೆಗ್ಗಣಗಳು ಅದನ್ನೇ ಕೂಲಿಗೆ ಒಪ್ಪಿದವು. ಮಳೆಗೆ ಎಂಟು ದಿನ ಇರುವಾಗ ಒಡ್ಡು ಮುಗಿಯಿತು. ಅದರ ಮೇಲೆ ಅವಳು ಈ ತುದಿಯಿಂದ ಆ ತುದಿಗೆ, ಮುಳ್ಳೆಲ್ಲ ನಿಮಿರಿಸಿಕೊಂಡು ನಡೆದಳು. ಮರಿಗಳು ತಲೆಯೆತ್ತಿ ಹಿಂದೆ ನಡೆದವು.

ಬಲದಂಡೆಯಲ್ಲಿ ನಡುವೇಸಿಗೆಗೇ ಅಕ್ಕಿ ಖಾಲಿಯಾಯಿತು. ಹೆಗ್ಗಣಗಳು ಬುಟ್ಟಿ ಕವುಚಿ ಹೊರಟುಹೋದವು. ಅಲ್ಲಿನ ಮೊಲಗಳು ಸಮಯಕ್ಕೆ ಸರಿಯಾಗಿ ಸೂಜವ್ವನ ಒಡ್ಡಿನ ಹಿಂದಕ್ಕೆ ಬಂದು ಸೇರಿಕೊಂಡವು. ಹೊಳೆ ಉಕ್ಕಿದಾಗ ಬಲದಂಡೆಯಲ್ಲಿ ಉಳಿದಿದ್ದವನು ನುಣ್ಣಪ್ಪ ಒಬ್ಬನೇ, ಅವನ ಗುಹೆ ಮುಳುಗಿತು. ಅವನು ತೊಪ್ಪೆಯಾಗಿ ಬಂದು ಜಾಗ ಕೇಳಿದ.

"ಜಾಗ ಇದೆ," ಎಂದಳು ಸೂಜವ್ವ. "ಮೊದಲು ಹೊಂಗೆ ಮರದ ಹತ್ತಿರ ಹೋಗಿ ನಿನ್ನ ಕರಿ ಕಲ್ಲು ಇಡು. ಆಮೇಲೆ ಬಾ."

ಎಲ್ಲರೂ ನೋಡುತ್ತಿರುವಾಗ ನುಣ್ಣಪ್ಪ ಮಳೆಯಲ್ಲಿ ಕಲ್ಲು ಹೊತ್ತ.

ನೀತಿ: ಲಾಭವನ್ನು ಮಾಡಿದ ಕೆಲಸದಷ್ಟೇ ಎಣಿಸಬೇಕು, ನಷ್ಟವನ್ನು ಕಂಡ ದಿನವೇ ಪೂರ್ತಿ ಒಪ್ಪಿಕೊಳ್ಳಬೇಕು.

ನೀತಿ ಹೇಳಿ ಮುಗಿಸಿದೆ ಅಂದುಕೊಂಡರೆ ನನ್ನ ಮಗಳು ಒಂದು ಮಾತು ಕೇಳಿದಳು.

"ಅವ್ವಾ, ಇನ್ನೂ ಬಾರದ ಲಾಭ ಲೆಕ್ಕಕ್ಕಿಲ್ಲ ಅಂದ್ರೆ, ಇನ್ನೂ ಆಗದ ನಷ್ಟ ಹೇಗೆ ಲೆಕ್ಕಕ್ಕೆ ಬಂತು?"